ಎರಡನೆಯ ಗೆರೆ



ಗಣಿತದ ಮೇಷ್ಟರಾಗಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಾನು ಸಂಖ್ಯಾಶಾಸ್ತ್ರಕ್ಕೆ ಮಾಡಿದ ಅನ್ಯಾಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಠ್ಯಪುಸ್ತಕದ ಕೊನೆಯ ಅಧ್ಯಾಯಗಳಲ್ಲಿ ಅದೊಂದು. ಫೆಬ್ರವರಿಯಲ್ಲಿ, ಪರೀಕ್ಷೆಯ ಗಡಿಬಿಡಿಯಲ್ಲಿ, ಸರಾಸರಿ, ಮಧ್ಯಾಂಕ, ಬಹುಲಕ ಎಂದು ಮೂರು ಸೂತ್ರಗಳನ್ನು ಕಪ್ಪುಹಲಗೆಯ ಮೇಲೆ ಬರೆದು, “ಇದು ಸುಲಭ, ಅಂಕ ಬಿಡಬೇಡಿ” ಎಂದು ಮುಗಿಸುತ್ತಿದ್ದೆ. ಹೂವಿನಹಡಗಲಿಯಲ್ಲಿದ್ದ ಐದು ವರ್ಷಗಳಲ್ಲಂತೂ, ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ ಎಂದು ಮಕ್ಕಳ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದೆ. “ಅವರು ಏನು ಕಂಡುಹಿಡಿದರು ಸಾರ್?” ಎಂದು ಒಬ್ಬ ಹುಡುಗಿ ಕೇಳಿದಾಗ ಮಾತು ಮರೆಸಿದ್ದೆ. ಆ ಹುಡುಗಿ ಈ ಬರಹವನ್ನು ಓದುತ್ತಿದ್ದರೆ ಕ್ಷಮಿಸಬೇಕು.

ಆ ಶಾಸ್ತ್ರ ನನ್ನ ಮನೆಯ ಬಾಗಿಲಿಗೇ ಬಂದು ನಿಂತ ಕಥೆಯನ್ನು ಇವತ್ತು ಬರೆಯಬೇಕಾಗಿದೆ. ಬಂಧುಗಳಲ್ಲಿ ಕೆಲವರಿಗೆ ಇದು ರುಚಿಸದೆ ಹೋಗಬಹುದು.

2019ರ ಜುಲೈನಲ್ಲಿ ನನ್ನ ಶ್ರೀಮತಿಗೆ ಪಾರ್ಶ್ವವಾಯು ಹೊಡೆದದ್ದು ನಿಮಗೆಲ್ಲ ತಿಳಿದೇ ಇದೆ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಅಲ್ಲಿ ಹೇಳಿಕೊಟ್ಟ ವ್ಯಾಯಾಮಗಳನ್ನು ದಿನಕ್ಕೆ ಮೂರು ಹೊತ್ತು, ಒಂದು ದಿನವೂ ತಪ್ಪದೆ ಮಾಡಿಸಿದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಲೆಕ್ಕವಿಡದೆ ಇರಲಾರೆ. ಒಣ ಅವರೆಕಾಳನ್ನು ತಟ್ಟೆಯಲ್ಲಿ ಹರಡಿ, ಒಂದು ನಿಮಿಷದಲ್ಲಿ ಎಷ್ಟು ಕಾಳನ್ನು ಬಲಗೈಯಿಂದ ಎತ್ತಿ ಬಟ್ಟಲಿಗೆ ಹಾಕುತ್ತಾಳೆಂದು ಪ್ರತಿದಿನ ಸಂಜೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೊದಲ ವಾರ ಸೊನ್ನೆ. ನಾಲ್ಕನೆಯ ವಾರ 3. ದಸರೆಯ ಹೊತ್ತಿಗೆ 19. ಸಂಕ್ರಾಂತಿಗೆ 24. ನಕ್ಷೆಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ ಸೇರಿಸಿದರೆ ಏರುತ್ತ ಹೋಗಿ ಆಮೇಲೆ ಮೆಲ್ಲಗೆ ಬಾಗುವ ಚೆಂದದ ವಕ್ರರೇಖೆ. ಯಾರೇ ಮನೆಗೆ ಬಂದರೂ ಕಾಫಿಗಿಂತ ಮೊದಲು ಆ ಹಾಳೆಯನ್ನು ಮುಂದಿಡುತ್ತಿದ್ದೆ. “ಇದು ಔಷಧದಿಂದ ಆದದ್ದಲ್ಲ, ಆರೈಕೆಯಿಂದ ಆದದ್ದು” ಎನ್ನುತ್ತಿದ್ದೆ. ಆರೈಕೆ ಎಂದರೆ ಯಾರದು ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ!

2022ರಲ್ಲಿ ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಯಜಮಾನರಿಗೂ ಇದೇ ಆಘಾತವಾಯಿತು. ನಾನು ಆ ನೋಟ್‌ಬುಕ್ಕನ್ನು ಜೆರಾಕ್ಸ್ ಮಾಡಿಸಿ, ಅವರೆಕಾಳಿನ ಪೊಟ್ಟಣದ ಸಮೇತ ಕಳುಹಿಸಿದೆ. ವಾರಕ್ಕೊಮ್ಮೆ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದೆ. ಅಲ್ಲಿಂದ ಬರುತ್ತಿದ್ದ ಉತ್ತರ ಸೊನ್ನೆ, ಸೊನ್ನೆ, ಒಂದು, ಮತ್ತೆ ಸೊನ್ನೆ. ಮೂರು ತಿಂಗಳಾದ ಮೇಲೆ ಒಂದು ದಿನ ಬಾಯಿ ತಪ್ಪಿ, ಅಲ್ಲ, ಬಾಯಿ ತಪ್ಪಿ ಎಂದರೆ ಸುಳ್ಳಾಗುತ್ತದೆ, ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ: “ನೀನು ನೆಟ್ಟಗೆ ಮಾಡಿಸುತ್ತಿಲ್ಲ.” ಅವಳು ಏನೂ ಅನ್ನಲಿಲ್ಲ. ಎರಡು ವರ್ಷ ಹಾಸಿಗೆಯಲ್ಲೇ ಇದ್ದು ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲೂ “ಪಾಪ, ಸರಿಯಾಗಿ ಎಕ್ಸರ್‌ಸೈಜ್ ಆಗಿದ್ದರೆ...” ಎಂಬ ಪಿಸುಮಾತು ನನ್ನ ಕಿವಿಗೆ ಬಿತ್ತು. ಆ ಪಿಸುಮಾತಿನ ಮೂಲ ನಾನೇ.

ಹೋದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ವೈದ್ಯಕೀಯ ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರಜ್ಞನಾಗಿದ್ದಾನೆ. ಹೆಸರು ಹಾಕಬೇಡಿ ಎಂದಿದ್ದಾನೆ. ಎರಡನೆಯ ಬೆಂಚಿನ ಗೋಡೆಕಡೆಯವನು ಎಂದರೆ ಓರಗೆಯವರಿಗೆ ಸಾಕು. ಯಥಾಪ್ರಕಾರ ನಕ್ಷೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದ. “ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಎರಡನೆಯ ಗೆರೆ ಎಲ್ಲಿದೆ?” ಎಂದ.

“ಯಾವ ಎರಡನೆಯ ಗೆರೆ?”

“ನೀವು ಇದನ್ನೆಲ್ಲ ಮಾಡಿಸದೆ ಇದ್ದಿದ್ದರೆ ಅಮ್ಮನವರ ಕೈ ಹೇಗೆ ಸುಧಾರಿಸುತ್ತಿತ್ತು ಎಂಬ ಗೆರೆ.”

ನನಗೆ ಸಿಟ್ಟು ಬಂತು. ಅಂಥ ಗೆರೆಯನ್ನು ಯಾರು ಎಳೆಯಬಲ್ಲರು? ಒಬ್ಬಳೇ ಹೆಂಡತಿ, ಒಂದೇ ಬಲಗೈ. ಅವನು ತಾಳ್ಮೆಯಿಂದ ವಿವರಿಸಿದ. ಪಾರ್ಶ್ವವಾಯುವಿನ ನಂತರ ಮಿದುಳು ತಾನಾಗಿಯೂ ಚೇತರಿಸಿಕೊಳ್ಳುತ್ತದೆ. ಆ ಚೇತರಿಕೆಯ ಬಹುಪಾಲು ಮೊದಲ ಕೆಲವು ತಿಂಗಳಲ್ಲಿ ಆಗಿ, ಅನಂತರ ನಿಧಾನವಾಗುತ್ತದೆ. ಮೊದಲು ಏರಿ ಆಮೇಲೆ ಬಾಗುವ ಈ ರೇಖೆ ಅದರದೇ ಆಕಾರ. ಅದರಲ್ಲಿ ಮಿದುಳಿನ ಪಾಲೆಷ್ಟು, ಮೇಷ್ಟರ ಪಾಲೆಷ್ಟು ಎಂಬುದು ಒಂದೇ ಗೆರೆಯಿಂದ ಹೇಳಲು ಸಾಧ್ಯವಿಲ್ಲ. ಒಬ್ಬ ರೋಗಿಯಲ್ಲಿ ಎರಡನೆಯ ಗೆರೆ ಎಳೆಯಲಾಗುವುದಿಲ್ಲ ನಿಜ, ಆದರೆ ಸಾವಿರಾರು ರೋಗಿಗಳಿದ್ದರೆ ಎಳೆಯಬಹುದು. ನಮ್ಮ ದೇಶದಲ್ಲೇ ಎಳೆದಿದ್ದಾರೆ.

ಅದರ ಹೆಸರು ‘ಅಟೆಂಡ್’ ಅಧ್ಯಯನ. ಭಾರತದ 14 ಆಸ್ಪತ್ರೆಗಳಲ್ಲಿ 2014ರಿಂದ 2016ರವರೆಗೆ 1250 ಪಾರ್ಶ್ವವಾಯು ರೋಗಿಗಳನ್ನು ಸೇರಿಸಿಕೊಂಡು ನಡೆಸಿದ್ದು, 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 623 ಮಂದಿಯ ಮನೆಯವರಿಗೆ, ರೋಗಿಯನ್ನು ಹೇಗೆ ಕೂರಿಸಬೇಕು, ನಡೆಸಬೇಕು, ಯಾವ ಅಭ್ಯಾಸ ಮಾಡಿಸಬೇಕು ಎಂಬ ವಿಶೇಷ ತರಬೇತಿಯನ್ನು ಆಸ್ಪತ್ರೆಯಲ್ಲೇ ಆರಂಭಿಸಿ ಮನೆಯಲ್ಲೂ ಮುಂದುವರಿಸಿದರು. ಉಳಿದ 627 ಮಂದಿಗೆ ಎಂದಿನ ಉಪಚಾರ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ನಿರ್ಧರಿಸಿದ್ದು ವೈದ್ಯರಲ್ಲ, ಯಾದೃಚ್ಛಿಕ ಆಯ್ಕೆ, ಎಂದರೆ ಒಂದು ಬಗೆಯ ಚೀಟಿ. ಆರು ತಿಂಗಳ ನಂತರ ಬಂದು ಸ್ಥಿತಿಯನ್ನು ಅಳೆದವರಿಗೆ ರೋಗಿ ಯಾವ ಗುಂಪಿನವರೆಂದು ತಿಳಿಸಿರಲಿಲ್ಲ. ನಮಗೆ ಮೌಲ್ಯಮಾಪನಕ್ಕೆ ಬೇರೆ ಜಿಲ್ಲೆಯ ಉತ್ತರಪತ್ರಿಕೆಗಳನ್ನು ಕೊಡುತ್ತಿದ್ದರಲ್ಲ, ಹಾಗೆ. ತೀರಿಕೊಂಡವರು ಮತ್ತು ನಿತ್ಯದ ಬದುಕಿಗೆ ಇನ್ನೊಬ್ಬರನ್ನು ಅವಲಂಬಿಸಿದವರು ಇಬ್ಬರನ್ನೂ ಸೇರಿಸಿದರೆ, ತರಬೇತಿಯ ಗುಂಪಿನಲ್ಲಿ 607ಕ್ಕೆ 285, ಎಂದಿನ ಉಪಚಾರದ ಗುಂಪಿನಲ್ಲಿ 605ಕ್ಕೆ 287. ನೂರಕ್ಕೆ 47. ನೂರಕ್ಕೆ 47.

ಎರಡನೆಯ ಗೆರೆ ಮೊದಲನೆಯ ಗೆರೆಯ ಮೇಲೆಯೇ ಕುಳಿತಿತ್ತು.

ಸುಮ್ಮನೆ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ತರಬೇತಿ ಪಡೆದವರಲ್ಲಿ ಎಷ್ಟೋ ಮಂದಿ ಅರ್ಧಕ್ಕೆ ಬಿಟ್ಟಿರಬಹುದು, ಶ್ರದ್ಧೆಯಿಂದ ಮಾಡಿಸಿದವರನ್ನು ಮಾತ್ರ ಲೆಕ್ಕ ಹಾಕಬೇಕಿತ್ತು ಎಂದೆ. ಅದಕ್ಕೆ ಅವನು ಕೊಟ್ಟ ಉತ್ತರ ನನ್ನ ಬಾಯಿ ಮುಚ್ಚಿಸಿತು. “ಮೇಷ್ಟ್ರೇ, ನೂರಕ್ಕೆ ನೂರು ಫಲಿತಾಂಶ ತೋರಿಸಲು ದಡ್ಡ ಹುಡುಗರನ್ನು ಎಸ್ಸೆಸ್ಸೆಲ್ಸಿಗೆ ಕೂರಿಸದೆ ಮನೆಗೆ ಕಳಿಸುವ ಶಾಲೆಗಳನ್ನು ನೀವು ಎಷ್ಟು ಬೈಯುತ್ತಿದ್ದಿರಿ! ಅರ್ಧಕ್ಕೆ ಬಿಟ್ಟವರು ಯಾರಿರಬಹುದು? ಎಷ್ಟು ಮಾಡಿಸಿದರೂ ಕೈ ಏಳದೆ ಸೋತು ಕೂತವರು. ಅವರನ್ನು ಹೊರಗಿಟ್ಟರೆ ಉಳಿಯುವುದು ಸುಧಾರಿಸಿದವರೇ. ಆಗ ನೀರು ಕುಡಿಸಿದರೂ ಗುಣವಾಯಿತು ಎಂದು ತೋರಿಸಬಹುದು.” ಆದ್ದರಿಂದ ಯಾವ ಗುಂಪಿಗೆ ಚೀಟಿ ಬಿದ್ದಿತ್ತೋ ಆ ಗುಂಪಿನಲ್ಲೇ ಎಲ್ಲರನ್ನೂ ಎಣಿಸುವುದು ಈ ಶಾಸ್ತ್ರದ ಕಟ್ಟುನಿಟ್ಟಂತೆ. ನಾನು ಸುಮ್ಮನಾದೆ, ಏಕೆಂದರೆ ನಾನೂ ಅದನ್ನೇ ಮಾಡಿದ್ದೆ. ನನ್ನ ಮನೆಯ ಗೆರೆಯನ್ನು ಗೋಡೆಗೆ ಹಚ್ಚಿ, ತಂಗಿಯ ಮನೆಯ ಸೊನ್ನೆಗಳನ್ನು ಲೆಕ್ಕದಿಂದ ಹೊರಗೆ ಹಾಕಿದ್ದೆ.

ಈ ಚೀಟಿಯ ವಿಷಯ ಹೇಳಿದಾಗಲೆಲ್ಲ ಕೆಲವು ಮಿತ್ರರು ಮುಖ ಸಿಂಡರಿಸುತ್ತಾರೆ. ರೋಗಿಯ ಹಣೆಬರಹವನ್ನು ಲಾಟರಿಗೆ ಬಿಡುವುದೇ ಎನ್ನುತ್ತಾರೆ. ಎರಡು ಉಪಚಾರಗಳಲ್ಲಿ ಒಂದು ಮೇಲೆಂದು ಖಚಿತವಾಗಿ ಗೊತ್ತಿದ್ದೂ ಚೀಟಿ ಎತ್ತಿದರೆ ಅದು ಪಾಪವೇ ಸರಿ. ಗೊತ್ತಿಲ್ಲದಾಗ? ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಚೀಟಿ ಬರೆದು ಮಗುವಿನ ಕೈಯಲ್ಲಿ ಎತ್ತಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅದರಲ್ಲಿ ಯಾರ ಕೈಚಳಕವೂ ನಡೆಯಬಾರದು ಎಂಬುದೊಂದೇ ಉದ್ದೇಶ. ಆರಿಸುವ ಅಧಿಕಾರ ವೈದ್ಯರಿಗಿದ್ದರೆ, ಒಳ್ಳೆಯ ಮನಸ್ಸಿನಿಂದಲೇ, ಗುಣವಾಗುವ ಲಕ್ಷಣವಿರುವ ರೋಗಿಗೆ ಹೊಸ ಉಪಚಾರವನ್ನು ಕೊಟ್ಟುಬಿಡುತ್ತಾರೆ. ಹೋಲಿಕೆ ಅಲ್ಲಿಗೇ ಕೆಟ್ಟಿತು.

ವ್ಯತ್ಯಾಸವಿಲ್ಲ ಎಂಬ ಉತ್ತರ ಯಾವಾಗಲೂ ನಿರಾಸೆಯದೇ ಆಗಿರಬೇಕಿಲ್ಲ ಎಂಬುದಕ್ಕೆ ನಮ್ಮ ಮನೆತನದಲ್ಲೇ ಇನ್ನೊಂದು ಕಥೆಯಿದೆ. ನಾನು ಚಿಕ್ಕವನಿದ್ದಾಗ, 1954ರಲ್ಲಿ, ದೊಡ್ಡಪ್ಪನಿಗೆ ಕ್ಷಯ ಎಂದು ತಿಳಿದ ದಿನವೇ ಅವರನ್ನು ದೂರದ ಸ್ಯಾನಟೋರಿಯಮ್ಮಿಗೆ ಸಾಗಿಸಿದರು. ದೊಡ್ಡಮ್ಮ ಮೂರು ಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದರು. ಎರಡು ವರ್ಷದ ಮೇಲೆ ದೊಡ್ಡಪ್ಪ ಗುಣವಾಗಿ ಬಂದರೂ ಕಿರಿಯ ಮಗು ಅವರ ಹತ್ತಿರ ಸುಳಿಯಲಿಲ್ಲ. ವಿಶ್ರಾಂತಿ, ಒಳ್ಳೆಯ ಗಾಳಿ, ಹಾಲು ಮೊಟ್ಟೆ, ದಾದಿಯರ ನಿಗಾ ಇಲ್ಲದೆ ಕ್ಷಯ ವಾಸಿಯಾಗದು ಎಂದು ಆಗ ವೈದ್ಯರೂ ನಂಬಿದ್ದರು.

ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದವರು ನಗರದ ಬಡ ರೋಗಿಗಳು 193 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಇಬ್ಬರಿಗೂ ಒಂದೇ ಔಷಧ, ಒಂದು ವರ್ಷ. ಒಂದು ಗುಂಪು ಸ್ಯಾನಟೋರಿಯಮ್ಮಿನಲ್ಲಿ, ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ. ಮನೆಯಲ್ಲಿದ್ದವರಿಗೆ ಊಟವೂ ಕಡಿಮೆ, ವಿಶ್ರಾಂತಿಯೂ ಕಡಿಮೆ. 1959ರಲ್ಲಿ ಫಲಿತಾಂಶ ಹೊರಬಿತ್ತು: ಎರಡೂ ಗುಂಪುಗಳಲ್ಲಿ ಬಹುಮಂದಿ ಗುಣವಾಗಿದ್ದರು. ಸ್ಯಾನಟೋರಿಯಮ್ ತುಸು ಮುಂದಿದ್ದರೂ, ರೋಗಿಯನ್ನು ಸಂಸಾರದಿಂದ ಕೀಳಲು ಅದು ಸಾಲದಾಗಿತ್ತು. ಮನೆಮಂದಿಗೆ ಸೋಂಕು ಹರಡುತ್ತದೆ ಎಂಬ ಭಯವಿತ್ತಲ್ಲ, ಅವರನ್ನೂ ಐದು ವರ್ಷ ಹಿಂಬಾಲಿಸಿ ನೋಡಿದರು. ರೋಗಿ ಮನೆಯಲ್ಲಿದ್ದು ಔಷಧ ತೆಗೆದುಕೊಂಡದ್ದರಿಂದ ಅವರಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಜಗತ್ತಿನಾದ್ಯಂತ ಕ್ಷಯದ ಚಿಕಿತ್ಸೆ ಸ್ಯಾನಟೋರಿಯಮ್ಮಿನಿಂದ ಮನೆಗೆ ಬರಲು ಈ ಅಧ್ಯಯನ ದೊಡ್ಡ ಕಾರಣವಾಯಿತು. ಎಷ್ಟು ಮಕ್ಕಳು ಅಪ್ಪನ ಮುಖ ಮರೆಯದೆ ಬೆಳೆದರೋ! ಐದೇ ವರ್ಷ ಮುಂಚೆ ಇದು ಗೊತ್ತಿದ್ದಿದ್ದರೆ ಎಂದು ದೊಡ್ಡಮ್ಮನನ್ನು ನೆನೆದಾಗಲೆಲ್ಲ ಅನ್ನಿಸುತ್ತದೆ.

“ಪ್ರೀತಿಯನ್ನೂ ಅಳೆಯಲು ಹೊರಟರೇ?” ಎಂದು ನನ್ನ ವಾಕಿಂಗ್ ಗೆಳೆಯರೊಬ್ಬರು ಹೋದ ತಿಂಗಳು ಹಂಗಿಸಿದರು. ಅವರು ಅಳೆದದ್ದು ಪ್ರೀತಿಯನ್ನಲ್ಲ, ಒಂದು ತರಬೇತಿಯನ್ನು. ಅದನ್ನು ಅಳೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ. ನಮ್ಮಲ್ಲಿ ಫಿಸಿಯೋಥೆರಪಿ ಬಲ್ಲವರು ಕಡಿಮೆ, ರೋಗಿಗಳು ಹೆಚ್ಚು. ಮನೆಯವರಿಗೇ ಕಲಿಸಿಬಿಟ್ಟರೆ ಸರ್ಕಾರಕ್ಕೂ ಅಗ್ಗ, ಆಸ್ಪತ್ರೆಗೂ ಅಗ್ಗ. ಕೇಳಲು ಎಷ್ಟು ಸೊಗಸು! ಎಲ್ಲ ಕಡೆ ಜಾರಿಗೆ ತರುತ್ತಿದ್ದರು. ಹೊರೆಯನ್ನು ಹೊರುತ್ತಿದ್ದವರು ಹೆಂಡಂದಿರು, ಸೊಸೆಯಂದಿರು. ಕೈ ಏಳದಿದ್ದರೆ ದೂರು ಬರುತ್ತಿದ್ದದ್ದೂ ಅವರ ಮೇಲೆಯೇ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಇದನ್ನೋದಿ ಯಾರೂ ವ್ಯಾಯಾಮ ನಿಲ್ಲಿಸಬೇಡಿ. ಎರಡನೆಯ ಗುಂಪಿಗೂ ಎಂದಿನ ಉಪಚಾರವಿತ್ತು, ಅದರ ಮೇಲೆ ಕೊಟ್ಟ ತರಬೇತಿ ಹೆಚ್ಚಿನದನ್ನು ತರಲಿಲ್ಲ ಎಂಬಷ್ಟೇ ಇದರ ಅರ್ಥ. ಬೇರೆ ಬಗೆಯ, ಇನ್ನೂ ದೀರ್ಘವಾದ ಅಭ್ಯಾಸದ ಬಗ್ಗೆ ಇದು ಮಾತಾಡುವುದಿಲ್ಲ. ಬಹಳ ಸಣ್ಣ ಲಾಭವೊಂದು ಅಂಕಿಗಳ ನಡುವೆ ಅಡಗಿದ್ದರೂ ಅಡಗಿರಬಹುದು. ನನ್ನ ಶ್ರೀಮತಿಯ ಒಂದು ಕೈಯ ಬಗ್ಗೆಯಂತೂ ಅದು ಏನನ್ನೂ ಹೇಳಲಾರದು. ಮತ್ತೆ, ಇದೇ ಬಗೆಯ ಹೋಲಿಕೆಯ ಅಧ್ಯಯನಗಳೇ, ಪಾರ್ಶ್ವವಾಯುವಿಗೆಂದು ಮೀಸಲಾದ ವಿಭಾಗದಲ್ಲಿ ತರಬೇತಾದ ತಂಡ ನೋಡಿಕೊಂಡರೆ ಹೆಚ್ಚು ಮಂದಿ ಬದುಕಿ ತಮ್ಮ ಕಾಲ ಮೇಲೆ ನಿಲ್ಲುತ್ತಾರೆ ಎಂಬುದನ್ನೂ ತೋರಿಸಿವೆ. ಆದ್ದರಿಂದ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ನಾಟಿ ಔಷಧದವರನ್ನು ಹುಡುಕುತ್ತ ಗಂಟೆಗಳನ್ನು ಕಳೆಯದೆ ಅಂಥ ಆಸ್ಪತ್ರೆಗೆ ಓಡಿ.

ವಿದ್ಯಾರ್ಥಿ ಹೊರಟ ಮೇಲೆ ಶ್ರೀಮತಿಗೆ ಎಲ್ಲ ಹೇಳಿದೆ. ನನ್ನ ಆರು ತಿಂಗಳ ದುಡಿಮೆಗೆ ಸೊನ್ನೆ ಅಂಕ ಬಿತ್ತು ನೋಡು ಎಂದೆ. ಅವಳು ನಕ್ಕು, “ದಿನಾ ಸಂಜೆ ಎದುರಿಗೆ ಕೂತಿರುತ್ತಿದ್ದಿರಲ್ಲ, ಅದು ಲೆಕ್ಕದಲ್ಲಿತ್ತೇ?” ಎಂದಳು. ಇರಲಿಲ್ಲ. ಅದನ್ನೂ ಯಾರಾದರೂ ಕೇಳಿ ಬರೆದುಕೊಳ್ಳಬೇಕು ಎನ್ನುತ್ತೇನೆ ನಾನು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹುಬ್ಬಳ್ಳಿಗೆ ಫೋನ್ ಮಾಡಿ ತಂಗಿಗೆ 285, 287 ಎರಡನ್ನೂ ಓದಿ ಹೇಳಿದೆ. “ಅಂದರೆ ಏನಣ್ಣಾ?” ಎಂದಳು. ನೀನು ಮಾಡಿಸಿದ್ದು ಸರಿಯಾಗಿಯೇ ಇತ್ತು, ತಪ್ಪು ನಿನ್ನದಲ್ಲ, ಅವತ್ತು ಹಾಗೆ ಅಂದದ್ದು ನನ್ನ ತಪ್ಪು ಎಂದೆ. ಬಹಳ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಲೈನು ಹೋಯಿತೇನೋ ಎಂದುಕೊಂಡೆ.

“ಆ ಅವರೆಕಾಳು ಇನ್ನೂ ಡಬ್ಬಿಯಲ್ಲೇ ಇದೆ ಅಣ್ಣಾ,” ಎಂದಳು, “ಬಿಸಾಡಲು ಮನಸ್ಸು ಬಂದಿರಲಿಲ್ಲ.”