ಬೇರಿಂಗ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳೋಣ

ಹೋದ ಸುಗ್ಗಿಯಲ್ಲಿ ನಾವು ಮಸೂತಿಯಿಂದ ವಿಜಯಪುರಕ್ಕೆ ಒಂದು ಹಳೆಯ ಅಂಬಾಸಿಡರ್‌ನಲ್ಲಿ ಹೊರಟಿದ್ದೆವು. ಚಾಲಕ ಸೇರಿ ಆರು ಮಂದಿ. ಹೆದ್ದಾರಿ ಹತ್ತುವ ಮೊದಲೇ ಮುಂದಿನ ಬಲಗಾಲಿಯಿಂದ ಗರಗರ ಸದ್ದು ಶುರುವಾಯಿತು. "ಏನಿಲ್ರೀ, ಡಿಸ್ಕ್ ಬ್ರೇಕ್ ಹೊಸದಾಗಿ ಕೂಡ್ಸೇವಿ, ಓಡ್ತಾ ಓಡ್ತಾ ಹೊಂದ್ಕೋತದ" ಅಂದ ಚಾಲಕ. ನಾವೂ ಸುಮ್ಮನಾದೆವು.

ಸ್ವಲ್ಪ ದೂರದಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಮಗ್ಗುಲಿಗೆ ಎಳೆಯಿತು. ಇಳಿದು ನೋಡಿದರೆ ಹಬ್ ಕೈ ಇಡಲಾಗದಷ್ಟು ಸುಡುತ್ತಿತ್ತು. ಜಾಕ್ ಹಚ್ಚಿ ಗಾಲಿ ಅಲ್ಲಾಡಿಸಿದರೆ ಸಡಿಲಾದ ಹಲ್ಲಿನಂತೆ ಆಡುತ್ತಿತ್ತು. ಬಿಚ್ಚಿದಾಗ ಗೊತ್ತಾಯಿತು: ಬೇರಿಂಗಿನ ತೂತು ದೊಡ್ಡದು, ಅದು ಕೂಡುವ ಆಕ್ಸಲ್ ಪಿನ್ನು ಸಣ್ಣದು. ಬಿಗಿ ಹಿಡಿಯಲಿ ಅಂತ ಪಿನ್ನಿನ ಮೈಗೆ ಪಂಚ್ ಹೊಡೆದು ಉಬ್ಬಿಸಿದ್ದರು. ಇನ್ನು ಇಪ್ಪತ್ತು ಕಿಲೋಮೀಟರ್ ಓಡಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಪದ್ಮಿನಿ ಅದಕ್ಕೂ ಮೊದಲೇ ಹೋಯಿತು. ಹೀಗಾಗಿ ಒಂದು ಗಾಡಿಯ ಪಿನ್ನು, ಇನ್ನೊಂದರ ಡಿಸ್ಕು, ಮತ್ತೊಂದರ ಬೇರಿಂಗ್ ಸೇರಿಸುವುದು ಹಳೆ ಗಾಡಿ ಇಟ್ಟವರಿಗೆ ಅನಿವಾರ್ಯ. ನಾವು ಅದನ್ನು ತಪ್ಪು ಅನ್ನುವುದಿಲ್ಲ. ಅಳೆಯದೆ ಸೇರಿಸುವುದು ತಪ್ಪು.

ಲೆಕ್ಕ ಸರಳ. ಬೇರಿಂಗಿನ ಒಳಗಿನ ತೂತು ಪಿನ್ನಿಗೆ ಹೊಂದಬೇಕು, ಹೊರಗಿನ ಬಳೆ ಹಬ್ಬಿಗೆ ಹೊಂದಬೇಕು. ಹಬ್ಬು ಮತ್ತು ಡಿಸ್ಕು ಒಂದೇ ಎರಕವಾಗಿದ್ದರೆ, ಡಿಸ್ಕ್ ಬದಲಾಯಿತು ಅಂದರೆ ಬೇರಿಂಗಿನ ಹೊರ ಅಳತೆಯೂ ಬದಲಾದಂತೆ. ಪಿನ್ನು ಹಳೆಯದು, ಡಿಸ್ಕ್ ಬೇರೆ ಗಾಡಿಯದು ಆದರೆ ಎರಡಕ್ಕೂ ಕೂಡುವ ಬೇರಿಂಗನ್ನು ಕಂಪನಿಯ ಪಟ್ಟಿಯಲ್ಲಿ ಹುಡುಕಬೇಕು. ಸಿಗದಿದ್ದರೆ ಆ ಜೋಡಿಯನ್ನೇ ಕೈಬಿಡಬೇಕು. ಡಿಸ್ಕ್ ಕ್ಯಾಲಿಪರಿನ ನಟ್ಟನಡುವೆ ಓಡಬೇಕು. ಒಂದು ಕಡೆ ವಾಲಿದರೆ ಪ್ಯಾಡ್ ಉಜ್ಜಿ ಉಜ್ಜಿ ಹಬ್ ಕಾಯುತ್ತದೆ, ಗ್ರೀಸ್ ಕರಗಿ ಹರಿಯುತ್ತದೆ.

ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಒಂದು ಉದಾಹರಣೆ ನೋಡಿ. 30206 ನಂಬರಿನ ಬೇರಿಂಗಿನ ತೂತು 30 ಮಿಲಿಮೀಟರ್. ಕೊನೆಯ ಎರಡು ಅಂಕಿ 06, ಅದನ್ನು 5ರಿಂದ ಗುಣಿಸಿದರೆ 30. ಇಂಚಿನ ಅಳತೆಯ ಎಲ್‌ಎಂ67048ರ ತೂತು 31.75. ಅಂಗಡಿಯ ಮೇಜಿನ ಮೇಲೆ ಎರಡೂ ಅಣ್ಣತಮ್ಮರಂತೆ ಕಾಣುತ್ತವೆ. ಆದರೆ 30ರ ಪಿನ್ನಿಗೆ 31.75 ಹಾಕಿದರೆ ಗಾಲಿ ಆಡದೆ ಇರುತ್ತದೆಯೇ? ಇನ್ನು 30206, 32206 ಎರಡಕ್ಕೂ ಒಳ ಅಳತೆ 30, ಹೊರ ಅಳತೆ 62. ದಪ್ಪ ಮಾತ್ರ ಒಂದಕ್ಕೆ 17.25, ಇನ್ನೊಂದಕ್ಕೆ 21.25. ಸಲೀಸಾಗಿ ಕೂಡುತ್ತದೆ, ಆದರೆ ಆ 4 ಮಿಲಿಮೀಟರಿನಿಂದ ಡಿಸ್ಕಿನ ಜಾಗ ಸರಿಯುತ್ತದೆ, ನಟ್ಟು ಪೂರ್ತಿ ಹಿಡಿಯದೆಯೂ ಹೋಗಬಹುದು.

ಇತ್ತೀಚೆಗೆ ಕೆಲವು ಹುಡುಗರಿಗೆ ಗಾಡಿ ನೆಲಕ್ಕೆ ತಗ್ಗಿ ಕಾಣಬೇಕೆಂಬ ಶೋಕಿ. ಅದಕ್ಕೆಂದೇ ಪಿನ್ನನ್ನು ಮೇಲಕ್ಕೆ ಕೂಡಿಸಿ ಮಾಡಿದ ಸ್ಟಬ್ ಆಕ್ಸಲ್ ಹೊರದೇಶಗಳಲ್ಲಿ ಮಾರಾಟಕ್ಕಿವೆ. ಅಲ್ಲೂ ಡಿಸ್ಕು, ಬೇರಿಂಗು ಯಾವುದು ಹೊಂದುತ್ತದೆ ಅಂತ ನೋಡಿಯೇ ಹಾಕಬೇಕು. ಪಿನ್ನು ಕತ್ತರಿಸಿ ವೆಲ್ಡಿಂಗ್ ಮಾಡಿಸುವುದಂತೂ ಸಾವಿಗೆ ಕೊಟ್ಟ ಆಮಂತ್ರಣ. ಕಂಪನಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಡಿವಾಣವೂ ಇದೆ.

ತಪ್ಪು ಬರೀ ಮೆಕ್ಯಾನಿಕ್‌ನದೇ? ಅಲ್ಲ. ಇನ್ನೂರು ರೂಪಾಯಿ ಉಳಿಸಲು ಚೌಕಾಸಿ ಮಾಡಿ, "ಏನರ ಮಾಡು, ಸಂಜೀತನಾ ಗಾಡಿ ಬೇಕು" ಅನ್ನುವವರು ನಾವೇ. ನಂಬರ್ ಹೇಳದೆ ಸಾಮಾನು ಕೊಡುವ ಅಂಗಡಿಯವರದೂ ಪಾಲಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. ಆ ತಪಾಸಣೆಯಲ್ಲಿ ದೀಪ, ಹಾರ್ನು, ಹೊಗೆ ನೋಡುವಷ್ಟೇ ಶ್ರದ್ಧೆಯಿಂದ ಗಾಲಿ ಎತ್ತಿ ಅಲ್ಲಾಡಿಸಿಯೂ ನೋಡಲಿ ಎಂಬುದು ನಮ್ಮ ಒತ್ತಾಯ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಹಳೆ ಬೇರಿಂಗ್ ಎಸೆಯದೆ ಅದರ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸದರ ನಂಬರ್ ಬಿಲ್ಲಿನಲ್ಲಿ ಬರೆಸಿ. ಮೊನಚು ರೋಲರ್ ಬೇರಿಂಗಾದರೆ ಒಳಭಾಗ, ಹೊರಬಳೆ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಪಿನ್ನನ್ನು ವರ್ನಿಯರ್ ಹಿಡಿದು ಅಳೆಯಿರಿ ಅಂತ ಕೇಳಿ. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಇರಲಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿದ್ದರೆ ಅದಕ್ಕಿಂತ ತೆಳುವಾದದ್ದನ್ನು ಹಾಕಿಸಬೇಡಿ. ನಮ್ಮದು ಎರಿಮಣ್ಣಿನ ಸೀಮೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು ಎರಡೂ ಸಡಿಲ ಸೀಲಿನೊಳಗೆ ಹೊಕ್ಕು ಗ್ರೀಸ್ ಕೆಡಿಸುತ್ತವೆ. ಸುಗ್ಗಿಗೂ ಜಾತ್ರೆಗೂ ಮುಂಚೆ ಒಮ್ಮೆ ಗಾಲಿ ಎತ್ತಿ ನೋಡಿ.

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಕಡಾಣಿ ನೋಡದೆ ಗಾಡಿ ಹೂಡುತ್ತಿರಲಿಲ್ಲ. ಗಾಡಿ ಬದಲಾಗಿದೆ, ಆದರೆ ಗಾಲಿ ಉಳಿದರೇ ಒಳಗೆ ಕೂತವರು ಉಳಿಯುವುದು. ಆ ಅಂಬಾಸಿಡರ್‌ನ ಮಾಲೀಕರು ಈಗ ಸರಿ ಅಳತೆಯ ಪಿನ್ನು, ಬೇರಿಂಗ್ ಹಾಕಿಸಿದ್ದಾರೆ. ಮೊನ್ನೆ ಮತ್ತೆ ಅದರಲ್ಲೇ ಹೋದೆವು. ಸದ್ದಿಲ್ಲ. ಆದರೂ ಹತ್ತುವ ಮೊದಲು ಬಿಲ್ಲು ಕೇಳಿ ನಂಬರ್ ನೋಡಿಯೇ ಕೂತೆವು.