ಉಪದೇಶದಿಂದ ಉದ್ಯೋಗವಾಗದು

ಮನಸ್ಸಿದ್ದರೆ ಮಾರ್ಗವೆಂಬ ಗಾದೆಯನ್ನು ಬಳಸದ ಭಾಷಣಕಾರರು ನಮ್ಮ ಸಮಾರಂಭಗಳಲ್ಲಿ ವಿರಳ. ಬಸದಿಯ ವಾರ್ಷಿಕೋತ್ಸವವಿರಲಿ, ಪ್ರತಿಭಾ ಪುರಸ್ಕಾರವಿರಲಿ, ಅತಿಥಿಗಳು ಯುವಕರಿಗೆ ಆತ್ಮವಿಶ್ವಾಸವನ್ನು ಬೋಧಿಸುತ್ತಾರೆ. ಹಾರ ತುರಾಯಿಗಳೊಡನೆ ಆ ಬೋಧನೆಯೂ ಮರುದಿನವೇ ಬಾಡುತ್ತದೆ. ಮುಂದೆ ಯುವಕನು ಸೋತರೆ ಅವನ ಮನೋಭಾವವೇ ಸರಿಯಿಲ್ಲವೆಂದು ತೀರ್ಪು ಕೊಡುವವರೂ ನಾವೇ. ಇದು ಅನ್ಯಾಯ.

ಮನೋಭಾವಕ್ಕೆ ಬೆಲೆಯಿಲ್ಲವೆಂಬುದು ನಮ್ಮ ವಾದವಲ್ಲ. ಅದು ಭಾಷಣದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ ಎಂಬುದಷ್ಟೇ ವಾದ. ನೆಲಮಂಗಲದ ಅರಿಶಿನಕುಂಟೆಯಲ್ಲಿರುವ ರುಡ್‌ಸೆಟ್ ಸಂಸ್ಥೆಯೇ ಇದಕ್ಕೆ ನಿದರ್ಶನ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಡನೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸಂಸ್ಥೆಯ ಶಾಖೆಯಿದು. ಇಲ್ಲಿ ನಿರುದ್ಯೋಗಿಗಳಿಗೆ ಊಟ ವಸತಿಗಳೊಡನೆ ಉಚಿತ ತರಬೇತಿಯುಂಟು. ಕಸುಬಿನ ಜೊತೆಗೆ ಸಾಧನಾಪ್ರೇರಣೆಯ ಪಾಠವೂ ಉಂಟು.

ಇಂತಹ ತರಬೇತಿಗಳಲ್ಲಿ ಗೂಟಕ್ಕೆ ರಿಂಗ್ ಎಸೆಯುವ ಆಟವನ್ನು ಆಡಿಸುವ ರೂಢಿಯಿದೆ. ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಡುವವನೇ ನಿರ್ಧರಿಸಬೇಕು. ತೀರ ಹತ್ತಿರ ನಿಂತವನ ಗೆಲುವಿನಲ್ಲಿ ಸತ್ತ್ವವಿಲ್ಲ. ತೀರ ದೂರ ನಿಂತವನು ಅದೃಷ್ಟವನ್ನು ನೆಚ್ಚಿದವನು. ತನ್ನ ತೋಳಿನ ಬಲವನ್ನರಿತು ದೂರವನ್ನು ಗೊತ್ತುಮಾಡಿಕೊಂಡವನೇ ಗುರಿಯುಳ್ಳವನು. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗನಿಗೆ ‘ದೊಡ್ಡವನಾಗು’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ನೂಲಿನ ದರ, ವಿದ್ಯುತ್ತಿನ ವೆಚ್ಚ, ಸಾಲದ ಕಂತುಗಳನ್ನು ಲೆಕ್ಕಹಾಕಿ, ಇಷ್ಟು ದಿನಗಳಲ್ಲಿ ಸ್ವಂತದ್ದೊಂದು ಮಗ್ಗ ಹೂಡುವೆನೆಂದು ಅವನೇ ನಿಶ್ಚಯಿಸಿದರೆ ಅದು ಸಂಕಲ್ಪ.

ರುಡ್‌ಸೆಟ್ ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಲ್ಲುತ್ತದೆ. ಬ್ಯಾಂಕಿನ ಸಾಲಕ್ಕೂ ನೆರವಾಗುತ್ತದೆ. 2009ರಿಂದ ಕೇಂದ್ರ ಸರ್ಕಾರವು ಜಿಲ್ಲೆ ಜಿಲ್ಲೆಗೂ ವಿಸ್ತರಿಸಹೊರಟದ್ದು ಈ ಮಾದರಿಯನ್ನೇ, ವೇದಿಕೆಯ ಭಾಷಣವನ್ನಲ್ಲ.

‘ಎಲ್ಲವೂ ಪೂರ್ವಕರ್ಮ, ಪಡೆದು ಬಂದಷ್ಟೇ’ ಎಂದು ಕೈಚೆಲ್ಲುವವರೂ ನಮ್ಮಲ್ಲಿದ್ದಾರೆ. ಕರ್ಮಕ್ಕೆ ಬಂಧವಿರುವಂತೆ ನಿರ್ಜರೆಯೂ ಉಂಟೆಂಬುದನ್ನು ಅವರು ಮರೆತಿದ್ದಾರೆ. ದರ್ಶನ ಜ್ಞಾನಗಳೊಡನೆ ಚಾರಿತ್ರವೂ ಕೂಡಿದಾಗಲೇ ರತ್ನತ್ರಯ. ಲೌಕಿಕ ಸಾಧನೆಗೂ ಇದೇ ಕ್ರಮ: ಗುರಿ ಕಾಣಬೇಕು, ದಾರಿ ತಿಳಿಯಬೇಕು, ನಿತ್ಯವೂ ನಡೆಯಬೇಕು.

ಆದುದರಿಂದ ಬಸದಿಗಳ ಟ್ರಸ್ಟುಗಳಲ್ಲಿ ನಮ್ಮ ವಿನಂತಿಯಿಷ್ಟು: ಒಂದು ವರ್ಷ ಭಾಷಣದ ವೆಚ್ಚವನ್ನು ಉಳಿಸಿರಿ. ಐವರು ಯುವಕ ಯುವತಿಯರನ್ನು ತರಬೇತಿಗೆ ಕಳುಹಿಸಿ, ಎರಡು ವರ್ಷ ಅವರ ಯೋಗಕ್ಷೇಮವನ್ನು ವಿಚಾರಿಸಿರಿ. ಅಷ್ಟೂ ಆಗದಿದ್ದರೆ ಅವರ ಮನೋಭಾವದ ದೋಷವನ್ನಾದರೂ ಎತ್ತಬೇಡಿರಿ.