ಒಂದು ಚೌಕದೊಳಗಿನ ಬಣಕಲ್

ಸಿಮ್‌ಸಿಟಿ ಗೊತ್ತಿರೋರು ನಮ್ಮ ಕ್ಯಾಂಪಸ್ಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೇ ವಿಲ್ ರೈಟ್ 1990ರಲ್ಲಿ ಮಾಡಿದ ‘ಸಿಮ್‌ಅರ್ತ್’ ಅಂದ್ರೆ ಮಾತ್ರ ಮುಖ ಮುಖ ನೋಡ್ತಾರೆ. ಊರಲ್ಲ, ಇಡೀ ಗ್ರಹವನ್ನೇ ಕೈಗೆ ಕೊಡೋ ಆಟ ಅದು. ಖಂಡಗಳು ಸರಿಯುತ್ತವೆ, ಸಮುದ್ರದಲ್ಲಿ ಜೀವ ಹುಟ್ಟುತ್ತದೆ, ಅದೃಷ್ಟ ಇದ್ರೆ ಬುದ್ಧಿವಂತ ಪ್ರಾಣಿಯೂ ಬರುತ್ತೆ. ಅದು ಮನುಷ್ಯನೇ ಆಗಬೇಕಂತಿಲ್ಲ. ಡೈನೋಸಾರ್ ಕೂಡ ನಾಗರಿಕತೆ ಕಟ್ಟಬಹುದು. ಗ್ರಾಫಿಕ್ಸ್ ನೋಡಿ ನಗಬೇಡಿ, ನಮ್ಮಪ್ಪನ ಕಾಲದ್ದು.

ಆಟದ ಹಿಂದಿರೋದು ಜೇಮ್ಸ್ ಲವ್‌ಲಾಕ್ ಅವರ ಗಯಾ ವಾದ. ಜೀವಿಗಳು, ಗಾಳಿ, ನೀರು, ಕಲ್ಲು ಎಲ್ಲ ಸೇರಿ ಭೂಮಿಯನ್ನು ಬದುಕಲು ತಕ್ಕ ಸ್ಥಿತಿಯಲ್ಲಿ ಇಟ್ಟುಕೊಳ್ಳುತ್ತವೆ ಅನ್ನೋದು ಅದರ ಸಾರ. ಇದಕ್ಕೆ ಅವರು ಆಂಡ್ರ್ಯೂ ವಾಟ್ಸನ್ ಜೊತೆ 1983ರಲ್ಲಿ ‘ಡೈಸಿವರ್ಲ್ಡ್’ ಅನ್ನೋ ಮಾದರಿ ಪ್ರಕಟಿಸಿದರು. ಒಂದು ಗ್ರಹ, ಎರಡೇ ಥರದ ಹೂವು. ಕಪ್ಪು ಡೈಸಿ ಬಿಸಿಲು ಹೀರುತ್ತೆ, ಬಿಳಿಯದು ವಾಪಸ್ ಕಳಿಸುತ್ತೆ. ಸೂರ್ಯನ ಕಾವು ಏರಿದ ಹಾಗೆ ಬಿಳಿ ಹೂವು ಜಾಸ್ತಿಯಾಗಿ ತಾಪಮಾನ ಹೆಚ್ಚೂಕಮ್ಮಿ ಹಾಗೇ ನಿಲ್ಲುತ್ತೆ. ಅಪ್ಪಟ ನೆಗೆಟಿವ್ ಫೀಡ್‌ಬ್ಯಾಕ್! ಆದ್ರೆ ಕಾವು ಒಂದು ಮಿತಿ ದಾಟಿತೋ, ಹೂವೆಲ್ಲ ಸಾಯುತ್ತವೆ.

ಮಾದರಿ ಮೇಲೆ ನನಗೆ ತಕರಾರಿಲ್ಲ. ತಕರಾರಿರೋದು ‘ಭೂಮಿ ತನ್ನನ್ನ ತಾನೇ ನೋಡ್ಕೊಳ್ಳುತ್ತೆ ಬಿಡೋ’ ಅನ್ನೋ ಮಾತಿನ ಮೇಲೆ. ಗ್ರಹ ನೋಡ್ಕೊಳ್ಳಬಹುದು. ನಮ್ಮೂರು ಬಣಕಲ್, ಆಟದ ನಕ್ಷೆಯ ಒಂದೇ ಚೌಕದಲ್ಲಿ ನಮ್ಮ ಇಡೀ ಜಿಲ್ಲೆ ಮುಳುಗಿಹೋಗುತ್ತೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿ ಮನೆಗಳು ಹೋದವು, ಚಾರ್ಮಾಡಿ ಘಾಟಿ ಬಂದ್ ಆಯ್ತು. ಗ್ರಹದ ಸರಾಸರಿಯಲ್ಲಿ ಇದು ಕಾಣೋದೇ ಇಲ್ಲ.

ಕಾಫಿಯೂ ಹಾಗೇ. ವರ್ಷಕ್ಕೆ ಎಷ್ಟು ಇಂಚು ಅನ್ನೋದಕ್ಕಿಂತ ಯಾವಾಗ ಬಿತ್ತು ಅನ್ನೋದು ಮುಖ್ಯ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬರಬೇಕು, ಕೆಲವು ವಾರ ಬಿಟ್ಟು ಮತ್ತೊಂದು ಮಳೆ. ತಪ್ಪಿದರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೆ ಕೆರೆಯಲ್ಲಿ ನೀರಿರಬೇಕು. ಕೊಯ್ಲಿನ ಹೊತ್ತಿಗೆ ಸುರಿದರೆ ಕಣದಲ್ಲಿ ಹಣ್ಣು ಒಣಗಲ್ಲ. ಒಟ್ಟು ಇಂಚು ಅಷ್ಟೇ ಇರುತ್ತೆ, ಸಾಲ ಮಾತ್ರ ಬೆಳೆದಿರುತ್ತೆ.

ಮೂಡಿಗೆರೆಯಲ್ಲಿದ್ದ ತೇಜಸ್ವಿ ‘ಕರ್ವಾಲೊ’ದಲ್ಲಿ ವಿಕಾಸದ ಕಥೆಯನ್ನ ಒಂದು ಹಾರುವ ಓತಿಯ ಬೆನ್ನು ಹತ್ತಿ ಹೇಳ್ತಾರೆ. ನಂಗೆ ಆ ದಾರಿ ಇಷ್ಟ: ಸಣ್ಣದನ್ನ ಬಿಡದೆ ದೊಡ್ಡದಕ್ಕೆ ಹೋಗೋದು.

ನಮ್ಮ ಕಡೆ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆದಿಡೋ ತೋಟದ ಮನೆಗಳಿವೆ. ಆ ಡೈರಿಗಳನ್ನ ಯಾರೂ ಕಂಪ್ಯೂಟರ್‌ಗೆ ಹಾಕಿಲ್ಲ ಅಂದ್ರೆ, ಮಾದರಿ ಕಟ್ಟೋರಿಗೆ ಅವು ಇಲ್ಲದ ಹಾಗೇ. ಮಿನಿ ಪ್ರಾಜೆಕ್ಟಿಗೆ ಪ್ರತಿ ವರ್ಷ ಅದೇ ಅಟೆಂಡೆನ್ಸ್ ಆ್ಯಪ್ ಮಾಡೋ ಬದಲು ನಮ್ಮ ಬ್ಯಾಚಿನವರು ಒಂದೇ ಒಂದು ಹಳ್ಳದ ಜಲಾನಯನಕ್ಕೆ ಮಾದರಿ ಮಾಡೋಣ. ಸಿವಿಲ್‌ನವರು ಇಳಿಜಾರು, ಮಣ್ಣು ನೋಡಲಿ, ಸಿಎಸ್‌ನವರು ಕೋಡ್ ಬರೆಯಲಿ, ಡೈರಿಯ ಕನ್ನಡ ಅಂಕಿ ಓದೋ ಕೆಲಸ ನಮ್ಮ ಸಂಘಕ್ಕಿರಲಿ. ನಮ್ಮಜ್ಜನ ಡೈರಿ ನಾನು ತರ್ತೀನಿ. 2019ರ ಆಗಸ್ಟ್ ಪುಟಗಳಿಂದ ಶುರು ಮಾಡಬಹುದು.